ಹಿಂದಿನ ಪುಟದಿಂದ

ಮಾತರಮ್‌ನಿಂದ ದೋಣಿ ಹತ್ತಿ ಬಂದಿದ್ದೀರಿ, ಕೂತುಕೊಳ್ಳಿ ಸಾಹೇಬರೇ.
ಆ ಕುರ್ಚಿ ಬೇಡ, ಅದರ ಒಂದು ಕಾಲು ಇನ್ನೂ ನಡುಗುತ್ತದೆ.
ಹೆಸರು ರುಮೆನಾ ಅಂತ ಬರೆದುಕೊಳ್ಳಿ.
"ಮತ್ತೆ ಹೊಡೆತ ಬಿದ್ದರೆ ಏನು ಮಾಡುವಿರಿ?"
ಉತ್ತರಕ್ಕೆ ನಿಮ್ಮ ಹಾಳೆಯಲ್ಲಿ ಒಂದು ಚೌಕ,
ಹೆಬ್ಬೆಟ್ಟು ಒತ್ತಿದರೆ ತುಂಬಿಹೋಗುವಷ್ಟು.
ಇರಿ, ಪುಸ್ತಕ ತರುತ್ತೇನೆ.

ಇದು ಅತಿಥಿಗಳ ಪುಸ್ತಕ.
ನಾಲ್ಕು ಕೋಣೆ, ಒಂದು ಉಪ್ಪುಬಾವಿ, ಹದಿನೇಳು ವರ್ಷ.
ಎಡದಿಂದ ಬರೆಯುತ್ತ ಬಂದಿದ್ದಾರೆ ಲೋಕದ ಜನ:
ಆಮೆ ಕಂಡೆವು, ಸೊಳ್ಳೆ ವಿಪರೀತ,
ಬಾಳೆಹಣ್ಣಿನ ದೋಸೆಗಾಗಿ ಮತ್ತೆ ಬರುತ್ತೇವೆ.
ಒಬ್ಬ ಪುಟ್ಟ ಹುಡುಗ ನನ್ನ ಬೆಕ್ಕಿನ ಚಿತ್ರ ಬಿಡಿಸಿದ್ದಾನೆ,
ಅದಕ್ಕೆ ಐದು ಕಾಲು.

ಈ ಪುಟದಲ್ಲಿ ಮಾತು ಅರ್ಧಕ್ಕೇ ನಿಂತಿದೆ.
ಓದಿಸಿ ತಿಳಿದುಕೊಂಡೆ: "ಈ ಸಂಜೆ ಎಷ್ಟು"
ಅಷ್ಟೇ. ಇಶಾ ನಮಾಜಿನ ಹೊತ್ತು.
ಪೆನ್ನು ಜಾರಿದ ಗೀಟು ಹಾಳೆ ದಾಟಿ ಮೇಜಿಗೂ ಹೋಗಿತ್ತು.
ಮೇಜು ಈಗಿಲ್ಲ.
ಬರೆಯುತ್ತಿದ್ದ ಹೆಂಗಸು ಬದುಕಿಕೊಂಡಳು.
ಅವಳಿಗೆ ಚಹಾ ಒಯ್ಯುತ್ತಿದ್ದ ನನ್ನ ತಂಗಿ ಸಾಹ್ನಿಮ್
ಬೇಡ, ಪೆನ್ನು ಕೆಳಗಿಡಿ,
ಇದು ನಿಮ್ಮ ಚೌಕಕ್ಕೆ ಹೇಳಿದ್ದಲ್ಲ.

ಮರುದಿನ ದಡದಲ್ಲಿ ನೂಕುನುಗ್ಗಲು, ಬಂದವರೆಲ್ಲ ಹೋದರು.
ತಪ್ಪೇನು? ನಾನೂ ಹೋಗುತ್ತಿದ್ದೆ,
ಹೋಗಲಿಕ್ಕೆ ಇನ್ನೊಂದು ಊರಿದ್ದಿದ್ದರೆ.
ಈ ಸಲ ಗೋಡೆ ಬೇಡ, ಬಿದಿರು ಸಾಕು ಅಂದ ಬಡಗಿ ಮಹ್ನೆಪ್.
ಮೈಮೇಲೆ ಬಿದ್ದರೂ ಬೈದುಕೊಂಡು ಏಳಬಹುದು.
ಇದು ಅವನ ವಿಮೆ. ಕಂತು ಇಲ್ಲ.

ಕೋಣೆ ತುಂಬುತ್ತ ಬಂದಿತ್ತು, ಅಷ್ಟರಲ್ಲಿ ಆ ಜ್ವರ.
ನೆಲ ಅಲ್ಲಾಡಲಿಲ್ಲ, ಒಂದು ಲೋಟ ಉರುಳಲಿಲ್ಲ.
ಎರಡು ವರ್ಷ ತಲೆದಿಂಬಿಗೆ ತಲೆಯೇ ಇಲ್ಲ.
ನಡುಕವಾದರೂ ಬಂತು, ಕೆಡವಿತು, ಹೋಯಿತು;
ಇದು ಬಂದು ಅಂಗಳದಲ್ಲೇ ಕೂತಿತ್ತು, ಸಾಲ ವಸೂಲಿಗೆ ಬಂದವನ ಹಾಗೆ.
ಹುಲ್ಲಿನ ದೋಣಿ ನಿಂತ ಮೇಲೆ ಜಟಕಾದ ಸೆನೂನ್
ಕುದುರೆಯನ್ನು ಆಚೆ ದಡಕ್ಕೆ ಮಾರಿದ.
ಅದರ ಕೊರಳ ಗೆಜ್ಜೆ ತಂದು ನನ್ನ ಬಾಗಿಲಿಗೆ ಕಟ್ಟಿ,
"ಯಾರಾದರೂ ಬಂದರೆ ಕೇಳಿಸಲಿ, ಅಕ್ಕ" ಅಂದ.
ಗಾಳಿ ಬೀಸಿದಾಗಲೆಲ್ಲ ಎದ್ದು ಓಡಿದ್ದೇನೆ,
ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಆಗಲೇ ಪುಸ್ತಕ ತಿರುಗಿಸಿದ್ದು.
ಉಸ್ತಾದರು ಮಸೀದಿಯ ಜಗಲಿಯಲ್ಲಿ ಕಲಿಸಿದ ಅಕ್ಷರ
ಬಲದಿಂದ ಎಡಕ್ಕೆ ನಡೆಯುತ್ತದೆ.
ಅವರ ಕೊನೆಯ ಪುಟವೇ ನನ್ನ ಮೊದಲ ಪುಟ. ನೋಡಿ:
ಕಡಲಪಾಚಿ, ಹನ್ನೊಂದು ಹಗ್ಗ. ಒಣಗಿದ್ದು ಆರು ಕಿಲೋ.
ಮೀನು ತಿಂದದ್ದು ಎರಡು ಹಗ್ಗ. ಮೀನನ್ನು ನಾವು ತಿಂದದ್ದು, ಲೆಕ್ಕವಿಲ್ಲ.
ಅಮ್ಮನ ಕಸುಬು ಇದು; ಅತಿಥಿಗಳಿಗೆ ವಾಸನೆ ಅಂತ ನಾಚಿ ಬಿಟ್ಟಿದ್ದೆ.
ಅವರು ಮೈ ಕಾಯಿಸುತ್ತಿದ್ದ ಮಂಚಗಳ ಮೇಲೆ ಪಾಚಿ ಹರವಿದೆ.
ಅದನ್ನೂ ಅವರ ಹಾಗೇ
ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸಬೇಕು.

ಈಗ ಜನ ಬರುತ್ತಿದ್ದಾರೆ.
ಲೆಕ್ಕಕ್ಕೆ ಬೇರೆ ಪುಸ್ತಕ ತರುತ್ತೇನೆ ಅನ್ನುತ್ತಾನೆ ಸಾಹ್ನಿಮಳ ಮಗ.
ಬೇಡ ಅಂದೆ. ಆ ಕಡೆಯಿಂದ ಅವರು, ಈ ಕಡೆಯಿಂದ ನಾನು,
ನಡುವೆ ಹನ್ನೆರಡು ಹಾಳೆ ಉಳಿದಿವೆ.
ನಾಲ್ಕು ಹಗ್ಗ ಇನ್ನೂ ನೀರಲ್ಲೇ ಇವೆ.
ಕೆಲವರು ಇಳಿತದ ಹೊತ್ತಿಗೆ ನನ್ನ ಜೊತೆ ಬಂದು
ಮೊಣಕಾಲು ನೆನೆಸಿಕೊಂಡು ಗಂಟು ಹಾಕುತ್ತಾರೆ, ನಗುತ್ತಾರೆ.
ಸಂಜೆಗೆ ಅವು ಬಿಚ್ಚಿಕೊಳ್ಳುತ್ತವೆ.
ಅವರಿಗೆ ಹೇಳುವುದಿಲ್ಲ. ಹೋಗಿ ಮತ್ತೆ ಕಟ್ಟಿ ಬರುತ್ತೇನೆ.

ನಿಮ್ಮ ಚೌಕ ಇನ್ನೂ ಖಾಲಿ ಇದೆ, ಅಲ್ಲವೇ?
ತಡೀರಿ, ಗೆಜ್ಜೆ ಸದ್ದಾಯಿತು.
ಗಾಳಿಯೋ, ಜನವೋ
ಎದ್ದು ಹೋದರೇ ಗೊತ್ತಾಗುವುದು.